ಮಳೆಗಾಲದಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದ ಹುಡುಗಿ

ಇದು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯ ವಿಷಯ. ಹೆಸರು, ಊರು, ಶಾಲೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳ ಅಪ್ಪ ಅಮ್ಮನಿಗೆ ಪೂರ್ತಿ ಓದಿ ಹೇಳಿ, ಅವರು ಆಗಬಹುದು ಅಂದ ಮೇಲೆ ಇಲ್ಲಿ ಹಾಕುತ್ತಿದ್ದೇನೆ. ಅವಳನ್ನು ಪುಟ್ಟಿ ಅಂತ ಕರೆಯೋಣ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಮನೆಯಲ್ಲಿ ಅದೇ ಹೆಸರು.

ನಮ್ಮದು ಶಿವಮೊಗ್ಗ ಜಿಲ್ಲೆಯ ಪಶ್ಚಿಮಕ್ಕೆ, ಘಟ್ಟದ ಅಂಚಿಗೆ ಹತ್ತಿರ ಇರುವ ಸಣ್ಣ ಖಾಸಗಿ ಶಾಲೆ. ಅನುದಾನ ಇಲ್ಲ. ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ ಸುಮಾರು ಇನ್ನೂರು ಮಕ್ಕಳು. ಅಡಿಕೆ ತೋಟದ ಮನೆಯವರು, ಆ ತೋಟಗಳಲ್ಲಿ ಕೆಲಸ ಮಾಡುವವರು, ಪೇಟೆಯಲ್ಲಿ ಅಂಗಡಿ ಇಟ್ಟವರು, ಹೀಗೆ ಎಲ್ಲರ ಮಕ್ಕಳೂ ಇದ್ದಾರೆ. ನಾನು ಕನ್ನಡ ಟೀಚರ್. ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ. ಅದಕ್ಕೆ ಬೇರೆ ಹುದ್ದೆ ಇಲ್ಲ. ವಾರಕ್ಕೆ ಎಂಟು ಪೀರಿಯಡ್ ಬಿಡುವು ಕೊಟ್ಟಿದ್ದಾರೆ, ಅಷ್ಟೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದವರು ಜಾಸ್ತಿ. ಮಕ್ಕಳ ಆರೋಗ್ಯ ತಪಾಸಣೆಗೆ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಶುರುವಾಯಿತು. ಅದರ ತಂಡ ಶಾಲೆಗೇ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು, ಬೆಳವಣಿಗೆ ಎಲ್ಲ ನೋಡುತ್ತದೆ. ಆದರೆ ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ವಿಶೇಷ ಅಗತ್ಯ ಇರುವ ಮಕ್ಕಳಿಗಾಗಿ ತಾಲೂಕಿನಲ್ಲಿ ಇರುವ ಬಿಐಇಆರ್‌ಟಿ ಟೀಚರುಗಳ ಕೆಲಸವೂ ಮುಖ್ಯವಾಗಿ ಸರ್ಕಾರಿ ಶಾಲೆಗಳಲ್ಲೇ. ಫೀಸು ಕಟ್ಟುವ ಶಾಲೆ ಅಂದರೆ ಅಲ್ಲಿ ಎಲ್ಲ ವ್ಯವಸ್ಥೆ ಇರುತ್ತೆ ಅಂತ ಪೋಷಕರು ಅಂದುಕೊಂಡಿರುತ್ತಾರೆ. ನಮ್ಮಂಥ ಶಾಲೆಯಲ್ಲಿ ನಾವು ನೋಡದಿದ್ದರೆ ಇನ್ಯಾರೂ ನೋಡುವುದಿಲ್ಲ.

ಪುಟ್ಟಿ ಸುಮ್ಮನಿರುವ ಹುಡುಗಿ. ಒಂದನೇ ಕ್ಲಾಸಿನಿಂದ ಮೂರು ವರ್ಷವೂ ರಿಪೋರ್ಟ್ ಕಾರ್ಡಿನಲ್ಲಿ "ಶಾಂತ ಸ್ವಭಾವ, ವಿಧೇಯ" ಎಂದೇ ಇದೆ. ಅಕ್ಷರ ದುಂಡಗೆ. ಬೋರ್ಡಿನಿಂದ ನೋಡಿ ಬರೆದರೆ ಒಂದು ತಪ್ಪಿಲ್ಲ. ಚಿತ್ರ ಬಿಡಿಸುವುದು, ಅಡಿಕೆ ಹಾಳೆ ಕತ್ತರಿಸಿ ಗೊಂಬೆ ಮಾಡುವುದು ಅಂದರೆ ಪ್ರಾಣ. ಪ್ರಶ್ನೆ ಕೇಳಿದರೆ ಮಾತ್ರ ಪಕ್ಕದವರ ಮುಖ ನೋಡುತ್ತಿದ್ದಳು. ಅದನ್ನು ನಾವು ನಾಚಿಕೆ ಅಂದುಕೊಂಡೆವು.

ಜುಲೈ ಎರಡನೇ ವಾರ, ಪುನರ್ವಸು ಮಳೆ ಬಿಡದೆ ಹೊಡೆಯುತ್ತಿತ್ತು. ನಾಲ್ಕನೇ ಕ್ಲಾಸಿನ ರೂಮಿಗೆ ತಗಡಿನ ಮಾಡು. ಉಕ್ತಲೇಖನ ಕೊಡುತ್ತಿದ್ದೆ. ನಾನು ಹೇಳಿದ ವಾಕ್ಯ, "ಕತ್ತೆ ಭಾರ ಹೊತ್ತು ಬೆಟ್ಟ ಹತ್ತಿತು." ನೋಟ್‌ಬುಕ್ ಪಕ್ಕದವರಿಗೆ ಕೊಟ್ಟು ತಿದ್ದಿಸುವುದು ನಮ್ಮ ರೂಢಿ. ಪುಟ್ಟಿಯ ಪುಸ್ತಕ ಸಿಕ್ಕ ಹುಡುಗ ಎದ್ದು ನಿಂತು ಜೋರಾಗಿ ಓದಿದ. "ಅತ್ತೆ ಬಾರ ಒತ್ತು ಬೆಟ್ಟ ಅತ್ತಿತು." ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಪುಟ್ಟಿ ಎಲ್ಲರ ಮುಖ ನೋಡಿದಳು, ಅವಳೂ ಸ್ವಲ್ಪ ನಕ್ಕಳು, ಆಮೇಲೆ ತಲೆ ಬಗ್ಗಿಸಿದಳು.

ಮುಂದಿನ ವಾರದ ಉಕ್ತಲೇಖನದಲ್ಲಿ ಅವಳ ಪುಟದಲ್ಲಿ ಒಂದರಿಂದ ಹತ್ತರವರೆಗೆ ನಂಬರ್ ಇತ್ತು. ಒಂದರ ಕೆಳಗೆ ಒಂದು, ಅಂದವಾಗಿ. ಎದುರಿಗೆ ಒಂದು ಪದವೂ ಇರಲಿಲ್ಲ.

ಆ ಪುಟವನ್ನು ಈಗಲೂ ಇಟ್ಟುಕೊಂಡಿದ್ದೇನೆ. ಯಾಕೆಂದರೆ ಕತ್ತೆಯ ವಾಕ್ಯದಲ್ಲೇ ಎಲ್ಲ ಇತ್ತು, ನನಗೆ ಕಾಣಲಿಲ್ಲ. ಹಕಾರ ಬಿಡುವುದು ನಮ್ಮ ಮಕ್ಕಳಲ್ಲಿ ಹೊಸದಲ್ಲ, ಮಾತಿನಲ್ಲೇ "ಅತ್ತಿದ" ಅನ್ನುವ ಮನೆಗಳಿವೆ. ಭ ಬದಲು ಬ ಬರೆಯುವುದೂ ಮಾಮೂಲು. ಆದರೆ ಕತ್ತೆಯ ಕ ಎಲ್ಲಿ ಹೋಯಿತು? ಯಾವ ಊರಿನ ಮಾತಿನಲ್ಲೂ ಕತ್ತೆ ಅತ್ತೆ ಆಗುವುದಿಲ್ಲ. ಆ ಪ್ರಶ್ನೆಯನ್ನು ಅವತ್ತೇ ಕೇಳಿಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ನಾವು ಮೊದಲು ಮಾಡಿದ್ದು

ಕ್ಲಾಸ್ ಟೀಚರ್ ಮತ್ತು ನಾನು ಕೂತು ಮಾತಾಡಿದೆವು. ಓದುವುದು ನಿಧಾನ, ಒತ್ತಕ್ಷರ ಬಿಡುತ್ತಾಳೆ, ಅಲ್ಪಪ್ರಾಣ ಮಹಾಪ್ರಾಣ ಗೊತ್ತಾಗುವುದಿಲ್ಲ, ಇಂಗ್ಲಿಷ್ ಸ್ಪೆಲ್ಲಿಂಗ್ ಅಂತೂ ಹೇಳುವುದೇ ಬೇಡ. ನಾನು ಕೆಲವು ತರಬೇತಿಗಳಿಗೆ ಹೋಗಿ ಬಂದಿದ್ದೆ. ಕಲಿಕಾ ನ್ಯೂನತೆಯ ಲಕ್ಷಣಗಳ ಪಟ್ಟಿ ಬಾಯಿಪಾಠ ಇತ್ತು. ಪಟ್ಟಿ ಹಿಡಿದು ನೋಡಿದರೆ ಎಲ್ಲ ತಾಳೆಯಾಗುತ್ತಿತ್ತು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಇರಬಹುದು ಎಂದು ನಾನೇ ಫೈಲಿನಲ್ಲಿ ಬರೆದೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆದರೆ ಚಿಹ್ನೆ ಹಾಕಿದ್ದಕ್ಕೆ ತಕ್ಕ ಹಾಗೆ ನಡೆದುಕೊಳ್ಳಲಿಲ್ಲ. ಅದೇ ನಿಜ ಅನ್ನುವ ಹಾಗೆ ಕೆಲಸ ಶುರು ಮಾಡಿದೆ.

ಬುಧವಾರ ಮತ್ತು ಶುಕ್ರವಾರ ಅವಳನ್ನು ಒಬ್ಬಳನ್ನೇ ಕರೆದು ಓದಿಸಬೇಕು ಅಂತ ತೀರ್ಮಾನವಾಯಿತು. ಖಾಲಿ ಇದ್ದದ್ದು ಕ್ರಾಫ್ಟ್ ಪೀರಿಯಡ್. ಅದನ್ನೇ ತೆಗೆದುಕೊಂಡೆವು. ಮನೆಯಲ್ಲಿ ದಿನಾ ಹತ್ತು ಪದ ಉಕ್ತಲೇಖನ ಕೊಡಿ ಎಂದು ಅಮ್ಮನಿಗೆ ಹೇಳಿದೆವು. ಮುಂದಿನ ಬೆಂಚಿಗೆ ಕೂರಿಸಿದೆವು. ಮೂರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಆಗಸ್ಟ್ ಅರ್ಧ ಆಗುವಷ್ಟರಲ್ಲಿ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಬುಧವಾರ, ಶುಕ್ರವಾರ ಜಾಸ್ತಿ. ಅಮ್ಮ ರಾತ್ರಿ ಒಂಬತ್ತೂವರೆವರೆಗೆ ಪದ ಬರೆಸುತ್ತಿದ್ದರು. ಅಮ್ಮನೂ ಅಳುವುದು, ಮಗಳೂ ಅಳುವುದು. ಮುಂದಿನ ಬೆಂಚು ಮಕ್ಕಳ ಲೆಕ್ಕದಲ್ಲಿ ದಡ್ಡರ ಬೆಂಚು ಅಂತ ನಮಗೆ ಗೊತ್ತಿರಲಿಲ್ಲ, ಆಮೇಲೆ ಒಬ್ಬ ಹುಡುಗ ಹೇಳಿದ. ಇಡೀ ವಾರದಲ್ಲಿ ಅವಳು ಗೆಲ್ಲುತ್ತಿದ್ದ ಜಾಗ ಒಂದೇ, ಆ ಕ್ರಾಫ್ಟ್ ಪೀರಿಯಡ್. ಅಲ್ಲಿಂದ ಎಬ್ಬಿಸಿಕೊಂಡು ಬಂದು, ಅವಳು ಸೋಲುವ ಕೆಲಸವನ್ನೇ ಇನ್ನೂ ಎರಡು ಪೀರಿಯಡ್ ಮಾಡಿಸುತ್ತಿದ್ದೆ.

ವ್ಯಾನ್ ಡ್ರೈವರ್ ಹೇಳಿದ್ದು

ಮಲೆನಾಡಿನವರಿಗೆ ಮಳೆ ರಜೆಯ ಬೆಳಗು ಗೊತ್ತಿರುತ್ತದೆ. ರಜೆ ಅಂತ ಮೆಸೇಜ್ ಬರುವಷ್ಟರಲ್ಲಿ ವ್ಯಾನ್ ಅರ್ಧ ದಾರಿ ಬಂದಿರುತ್ತದೆ. ಆಗಸ್ಟ್ ಕೊನೆಯ ಹೊತ್ತಿಗೆ ಒಂದು ದಿನ ಹೀಗೇ ಆಯಿತು. ಡ್ರೈವರ್ ಮಕ್ಕಳನ್ನು ತಿರುಗಿ ಬಿಡುತ್ತಾ ಹೋದರು. ಪುಟ್ಟಿಯ ಮನೆಗೆ ರಸ್ತೆಯಿಂದ ತೋಟದೊಳಗೆ ಸುಮಾರು ಒಂದು ಕಿಲೋಮೀಟರ್ ನಡೆಯಬೇಕು, ನಡುವೆ ಒಂದು ಹಳ್ಳ ದಾಟಲು ಸಂಕ, ಅಂದರೆ ಸಣ್ಣ ಕಾಲುಸೇತುವೆ, ಇದೆ. ನೀರು ಏರಿದೆಯೋ ಏನೋ ಎಂದು ಅವರು ಹಿಂದಿನಿಂದ "ಪುಟ್ಟೀ, ನಿಲ್ಲೇ" ಅಂತ ಕೂಗಿದರು. ಅವಳು ಕೊಪ್ಪೆ ಹಾಕಿಕೊಂಡು ನಡೆಯುತ್ತಲೇ ಇದ್ದಳು. ಅವರು ಓಡಿ ಹೋಗಿ ಭುಜ ಹಿಡಿದರು.

ಮಾರನೇ ದಿನ ನನ್ನ ಹತ್ತಿರ ಬಂದು ಹೇಳಿದರು. "ಮೇಡಂ, ಆ ಹುಡುಗಿಗೆ ಹಾರ್ನ್ ಹೊಡೆದ್ರೆ ತಿರುಗ್ತಾಳೆ. ಹೆಸರು ಕರೆದ್ರೆ ತಿರುಗಲ್ಲ. ನಿನ್ನೆ ಒಂದಿನ ಅಲ್ಲ, ಮಳೆ ಶುರುವಾದಾಗಿಂದ್ಲೂ ನೋಡ್ತಿದೀನಿ."

ಅವತ್ತು ಮಧ್ಯಾಹ್ನ ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು, ಹಳೆಯ ಅಂಕಗಳನ್ನು ತೆಗೆದು ಒಂದು ಹಾಳೆಯಲ್ಲಿ ಸಾಲಾಗಿ ಬರೆದೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಣ್ಣ ಪರೀಕ್ಷೆ (ಎಫ್‌ಎ), ಎರಡು ದೊಡ್ಡ ಪರೀಕ್ಷೆ (ಎಸ್‌ಎ). ಎಫ್‌ಎ-1, ಎಫ್‌ಎ-2, ಎಸ್‌ಎ-1 ಮೂರೂ ದಸರಾ ರಜೆಗೆ ಮುಂಚೆ ಮುಗಿಯುತ್ತವೆ, ಅಂದರೆ ಮಳೆಯಲ್ಲಿ. ಎಫ್‌ಎ-3, ಎಫ್‌ಎ-4, ಎಸ್‌ಎ-2 ಮಳೆ ಹೋದ ಮೇಲೆ. ಎರಡನೇ ಕ್ಲಾಸಿನಲ್ಲಿ ಮೊದಲ ಮೂರು ಕಡಿಮೆ, ಕೊನೆಯ ಮೂರು ಚೆನ್ನಾಗಿವೆ. ಮೂರನೇ ಕ್ಲಾಸಿನಲ್ಲೂ ಹಾಗೇ. ಫೆಬ್ರವರಿಯ ಉಕ್ತಲೇಖನದಲ್ಲಿ 20ಕ್ಕೆ 15 ಬಂದಿದೆ, ಈ ಜುಲೈನಲ್ಲಿ 20ಕ್ಕೆ 6. ಮೂರು ವರ್ಷ ಮೂವರು ಟೀಚರುಗಳು ವರ್ಷದ ಕೊನೆಗೆ "ಉತ್ತಮ ಪ್ರಗತಿ" ಎಂದು ಬರೆದು ಮೇಲಿನ ಕ್ಲಾಸಿಗೆ ಕಳಿಸಿದ್ದಾರೆ. ಜೂನ್‌ನಲ್ಲಿ ಮುಂದಿನ ಟೀಚರ್ ಬಂದು "ಈ ಹುಡುಗಿಗೆ ಏನೂ ಬರಲ್ಲ" ಅಂದಿದ್ದಾರೆ. ಹಿಂದಿನ ಕ್ಲಾಸಿನದು ಎಷ್ಟು ಬರುತ್ತೆ ಅಂತ ನೋಡುವ ಸೇತುಬಂಧದ ಪರೀಕ್ಷೆ ಕೂಡ ಜೂನ್‌ನಲ್ಲೇ ಅಲ್ವಾ. ಹುಟ್ಟಿದಾಗಿನಿಂದ ಇರುವ ಓದಿನ ತೊಂದರೆ ಮಳೆ ನೋಡಿಕೊಂಡು ಬಂದು ಹೋಗುವುದಿಲ್ಲ.

ಎರಡನೆಯದು, ಅವಳನ್ನು ಲೈಬ್ರರಿ ರೂಮಿಗೆ ಕರೆದುಕೊಂಡು ಹೋದೆ. ಅದಕ್ಕೆ ಕಾಂಕ್ರೀಟ್ ಮಾಡು, ಸದ್ದಿಲ್ಲ. ಎದುರು ಕೂತು ಮೆಲ್ಲಗೆ ಹತ್ತು ಪದ ಹೇಳಿದೆ. ಕಪ್ಪು, ಹಸು, ಸೊಪ್ಪು, ತುಪ್ಪ, ಕಿಟಕಿ, ಹೀಗೆ. ನಾನು ಹೇಳಿದ್ದನ್ನು ಅವಳು ತಿರುಗಿ ಹೇಳಬೇಕು. ಹತ್ತಕ್ಕೆ ಒಂಬತ್ತು ಹೇಳಿದಳು. ಆಮೇಲೆ ಅದೇ ದೂರದಲ್ಲಿ, ಅದೇ ದನಿಯಲ್ಲಿ, ಬಾಯಿಗೆ ಪುಸ್ತಕ ಅಡ್ಡ ಹಿಡಿದು ಬೇರೆ ಹತ್ತು ಪದ ಹೇಳಿದೆ. ನಾಲ್ಕು ಹೇಳಿದಳು. ಉಳಿದದ್ದಕ್ಕೆ ಪುಸ್ತಕದ ಅಂಚಿನಿಂದ ನನ್ನ ಮುಖ ನೋಡಲು ಬಗ್ಗಿದಳು.

ಅವಳು ಇಷ್ಟು ವರ್ಷ ಪಾಠವನ್ನು ಅರ್ಧ ಕಣ್ಣಿನಿಂದ ಕೇಳುತ್ತಿದ್ದಳು. ನಾವು ಬೋರ್ಡಿಗೆ ತಿರುಗಿ ಬರೆಯುತ್ತಾ ಮಾತಾಡಿದಾಗ, ಪುಸ್ತಕ ಮುಖಕ್ಕೆ ಹಿಡಿದು ಓದಿದಾಗ, ಹಿಂದಿನಿಂದ ನಡೆಯುತ್ತಾ ಉಕ್ತಲೇಖನ ಕೊಟ್ಟಾಗ ಅವಳಿಗೆ ಪಾಠವೇ ಇರಲಿಲ್ಲ.

ಮನೆಯವರ ಹತ್ತಿರ ಹೇಗೆ ಹೇಳುವುದು

ಇದಕ್ಕೆ ನಾವು ಎರಡು ದಿನ ತೆಗೆದುಕೊಂಡೆವು. ಹೆಡ್‌ಮಿಸ್ ಪತ್ರ ಕಳಿಸೋಣ ಅಂದರು. ನನಗೆ ಬೇಡ ಅನಿಸಿತು. "ಶ್ರವಣ ದೋಷ" ಅನ್ನುವ ಪದ ಕಾಗದದಲ್ಲಿ ಮನೆಗೆ ಹೋದರೆ ಅದನ್ನು ಯಾರು ಓದುತ್ತಾರೆ, ಎಲ್ಲಿ ಓದುತ್ತಾರೆ, ನಮ್ಮ ಕೈಯಲ್ಲಿ ಇರುವುದಿಲ್ಲ. ನಾನೇ ಮನೆಗೆ ಹೋದೆ. ಅವತ್ತು ಮಳೆ ಹೊಳವು ಕೊಟ್ಟಿತ್ತು, ಅಪ್ಪ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದರು. ಒಂದು ಮೊಳ ಬಿಸಿಲು ಬಂದರೆ ತೋಟದವರಿಗೆ ಬೇರೆ ಯಾವುದಕ್ಕೂ ಹೊತ್ತಿರುವುದಿಲ್ಲ, ಅದು ಅವರ ತಪ್ಪಲ್ಲ. ಅಮ್ಮ, ಅಜ್ಜಿ ಸಿಕ್ಕರು.

ಅಜ್ಜಿಗೆ ಮೊದಲು ಸಿಟ್ಟು ಬಂತು. ಹೆಣ್ಣು ಹುಡುಗಿಗೆ ಕಿವುಡಿ ಅಂತ ಹೆಸರು ಬಂದರೆ ಮುಂದೆ ಅವಳ ಗತಿ ಏನು ಅಂದರು. ಆ ಭಯ ಸುಳ್ಳಲ್ಲ. ಊರಲ್ಲಿ ಒಮ್ಮೆ ಹೆಸರು ಅಂಟಿದರೆ ಬಿಡುವುದಿಲ್ಲ. ನಾನು ಆ ಪದ ಹಿಡಿಯಲೇ ಇಲ್ಲ. "ಅಜ್ಜಿ, ಇವಳಿಗೆ ಕಿವಿ ಕಟ್ಟಿದ ಹಾಗೆ ಆಗುತ್ತಾ?" ಅಂತ ಕೇಳಿದೆ. ಅಷ್ಟು ಕೇಳಿದ್ದೇ ತಡ, ಅಜ್ಜಿಯ ಮಾತೇ ಬೇರೆ ಆಯಿತು. ಶೀತ ಆದಾಗೆಲ್ಲ ಕಿವಿ ಕಟ್ಟಿದೆ ಅನ್ನುತ್ತಾಳೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತೇನೆ. ರಾತ್ರಿ ಬಾಯಿ ಬಿಟ್ಟುಕೊಂಡು ಮಲಗುತ್ತಾಳೆ, ಗೊರಕೆ ಹೊಡೆಯುತ್ತಾಳೆ. ಟಿವಿ ಜೋರು ಮಾಡುತ್ತಾಳೆ ಅಂತ ಅವರಪ್ಪ ಬೈಯುತ್ತಾನೆ. ಪಕ್ಕದಲ್ಲಿ ಮಲಗುವ ಅಜ್ಜಿಗೆ ಎಲ್ಲವೂ ಗೊತ್ತಿತ್ತು, ಕೇಳಿದವರು ಇರಲಿಲ್ಲ. ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಎಂದು ನಾನು ಹಟ ಹಿಡಿದೆ. ಅದು ಒಳ್ಳೆಯದೇ ಆಯಿತು.

ಇಎನ್‌ಟಿ ಡಾಕ್ಟರ್ ನೋಡಿ, ಎರಡೂ ಕಿವಿಯ ತಮಟೆಯ ಹಿಂದೆ ದ್ರವ ನಿಂತಿದೆ ಅಂದರು. ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂದು ಅಳೆಯುವ ಆಡಿಯೋಮೆಟ್ರಿಯಲ್ಲಿ ಬಲಗಿವಿ 35 ಡೆಸಿಬಲ್, ಎಡಗಿವಿ 30. ಮಕ್ಕಳಿಗೆ 20ರ ಒಳಗೆ ಇರಬೇಕು. ತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವ ಇನ್ನೊಂದು ಪರೀಕ್ಷೆಯಲ್ಲಿ ಗುಡ್ಡದ ಹಾಗೆ ಏರಬೇಕಾದ ಗೆರೆ ಚಪ್ಪಟೆ ಬಂದಿತ್ತು. ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿಕೊಂಡಿದೆ, ಅಲರ್ಜಿಯ ಶೀತವೂ ಇದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ಮಕ್ಕಳಲ್ಲಿ ಗಿಡ್ಡ, ಓರೆಯೂ ಕಡಿಮೆ. ಶೀತದಲ್ಲಿ ಅದು ಕಟ್ಟಿಕೊಂಡರೆ ಒಳಗೇ ದ್ರವ ಸೇರುತ್ತದೆ. ಮಳೆಯಲ್ಲಿ ನೆನೆದು ಹೊರಗಿನಿಂದ ನೀರು ಹೋಯಿತೇನೋ ಅಂತ ಅಮ್ಮ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಹಾಗಲ್ಲ ಅಂತ ಡಾಕ್ಟರ್ ಹೇಳಿದ್ದು ಅವರಿಗೆ ದೊಡ್ಡ ಸಮಾಧಾನ. ಮೂಗಿಗೆ ಸ್ಪ್ರೇ ಕೊಟ್ಟರು. ಕಿವಿಗೆ ಎಣ್ಣೆ ಬಿಡಬೇಡಿ, ಬಚ್ಚಲ ಒಲೆಯ ಹೊಗೆಯಲ್ಲಿ ಕೂರಿಸಬೇಡಿ ಅಂದರು. ಮೂರು ತಿಂಗಳು ಕಾದು ನೋಡೋಣ, ದ್ರವ ಹೋಗದಿದ್ದರೆ ತಮಟೆಗೆ ಸಣ್ಣ ಕೊಳವೆ ಹಾಕುವ ಆಪರೇಷನ್ ಬಗ್ಗೆ ಯೋಚಿಸೋಣ ಅಂದರು. ಡಾಕ್ಟರೇ ಹೇಳಿದ್ದರಿಂದ ಅಜ್ಜಿ ಎಣ್ಣೆಯ ಬಟ್ಟಲು ಒಳಗಿಟ್ಟರು. ನಾನು ಹೇಳಿದ್ದರೆ ಇಡುತ್ತಿರಲಿಲ್ಲ.

ಇಲ್ಲಿ ಒಂದು ಲೆಕ್ಕ ಗಮನಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಕಿವಿ ಮಂದ ಅಂತ ಲೆಕ್ಕ ಆಗಬೇಕಾದರೆ ಎರಡೂ ಕಿವಿಯಲ್ಲಿ 60 ಡೆಸಿಬಲ್ ಕೊರತೆ ಇರಬೇಕು. ಪುಟ್ಟಿಯದು 35. ಸರ್ಟಿಫಿಕೇಟ್ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಕಲಿಕಾ ನ್ಯೂನತೆ ಕೂಡ ಆ 21ರಲ್ಲಿ ಇದೆ. ಆದರೆ ಕಣ್ಣು ಕಿವಿ ಸರಿ ಇದೆ ಅಂತ ಖಾತ್ರಿ ಆಗದೆ ಅದನ್ನು ತೀರ್ಮಾನ ಮಾಡುವ ಹಾಗಿಲ್ಲ. ಅಂದರೆ ಕಾಗದದ ಮೇಲೆ ಇವಳು ಎಲ್ಲಿಯೂ ಬರುವುದಿಲ್ಲ. ಕ್ಲಾಸಿನಲ್ಲಿ ಮಾತ್ರ ಕತ್ತೆ ಅತ್ತೆ ಆಗುತ್ತದೆ. ಈ ಮೂರು ತಿಂಗಳು ಡಾಕ್ಟರಿಗೆ ಕಾಯುವ ಕಾಲ. ಶಾಲೆಗೆ ಅದು ಕಾಯುವ ಕಾಲ ಅಲ್ಲ.

ಬದಲಾಗಬೇಕಿದ್ದದ್ದು ಯಾರು

ಮೊದಲು, ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟೆವು. ಕ್ರಾಫ್ಟ್ ಪೀರಿಯಡ್ ಅವಳದೇ. ಮನೆಯ ಉಕ್ತಲೇಖನ ಬಂದ್. ರಾತ್ರಿ ಬೇಗ ಮಲಗಿಸಿ, ಅಷ್ಟೇ ಸಾಕು ಅಂತ ಅಮ್ಮನಿಗೆ ಹೇಳಿದೆ. ಅಮ್ಮ ನಂಬಲಿಲ್ಲ. ಮೂರು ಸಲ ಫೋನ್ ಮಾಡಿ "ಏನೂ ಓದಿಸೋದು ಬೇಡ್ವಾ?" ಅಂತ ಕೇಳಿದರು. ಹತ್ತು ದಿನದಲ್ಲಿ ಹೊಟ್ಟೆನೋವು ನಿಂತಿತು.

ಇಡೀ ಕ್ಲಾಸಿಗೆ ಹೇಳಿಬಿಡಲಾ ಅಂತ ಪುಟ್ಟಿಯನ್ನೇ ಕೇಳಿದೆ. "ಹೇಳ್ಬೇಡಿ ಮಿಸ್" ಅಂದಳು. ಆ ಒಂದು ಮಾತಿನ ಮೇಲೆ ನಮ್ಮ ಉಳಿದ ಎಲ್ಲ ತೀರ್ಮಾನ ನಿಂತಿತು. ಅವಳೊಬ್ಬಳಿಗೆ ಅಂತ ಏನೂ ಮಾಡುವ ಹಾಗಿಲ್ಲ. ಮಾಡಿದರೆ ಎಲ್ಲರಿಗೂ ಮಾಡಬೇಕು. ಬೆಂಚುಗಳನ್ನು ಸಾಲು ಬಿಡಿಸಿ ಲಾಳದ ಆಕಾರಕ್ಕೆ ಹಾಕಿದೆವು. ಮುಂದು ಹಿಂದು ಇಲ್ಲ, ದಡ್ಡರ ಬೆಂಚೂ ಇಲ್ಲ. ಅವಳಿಗೆ ಟೀಚರ್ ಮುಖವೂ ಕಾಣುತ್ತದೆ, ಉತ್ತರ ಹೇಳುವ ಮಕ್ಕಳ ಮುಖವೂ ಕಾಣುತ್ತದೆ. ಮಕ್ಕಳ ಮುಖ ಕಾಣುವುದು ಎಷ್ಟು ಮುಖ್ಯ ಅಂತ ನನಗೆ ಗೊತ್ತಾದದ್ದೇ ಆಗ. ಕ್ಲಾಸಿನ ಅರ್ಧ ಪಾಠ ಮಕ್ಕಳ ಬಾಯಿಂದಲೇ ಬರುತ್ತದೆ ಅಲ್ವಾ. ಯಾವ ಟೀಚರೂ ಬೋರ್ಡಿಗೆ ತಿರುಗಿ ಮಾತಾಡಬಾರದು ಅಂತ ಒಪ್ಪಿಕೊಂಡೆವು. ಹೇಳಲು ಸುಲಭ. ಇಪ್ಪತ್ತು ವರ್ಷ ಪಾಠ ಮಾಡಿದ ಗಣಿತದ ಮೇಡಂಗೆ ಒಂದು ತಿಂಗಳು ಹಿಡಿಯಿತು, ಬೋರ್ಡಿನ ಮೂಲೆಯಲ್ಲಿ ಒಂದು ಕಿವಿ ಚಿತ್ರ ಬರೆದು ತಮಗೆ ತಾವೇ ನೆನಪು ಮಾಡಿಕೊಳ್ಳುತ್ತಿದ್ದರು. ಏನೇ ಸೂಚನೆ ಕೊಟ್ಟರೂ "ಪಕ್ಕದವರಿಗೆ ಹೇಳಿ" ಅನ್ನುವುದು ಶುರುವಾಯಿತು. ಪ್ರತಿಯೊಬ್ಬರೂ ಕೇಳಿದ್ದನ್ನು ಪಕ್ಕದವರಿಗೆ ಮುಖ ನೋಡಿ ಹೇಳಬೇಕು. ಪುಟ್ಟಿಗಾಗಿ ಶುರು ಮಾಡಿದ್ದು, ಆದರೆ ಎಷ್ಟು ಮಕ್ಕಳು ಸೂಚನೆಯನ್ನು ಅರ್ಧವೇ ಕೇಳಿಸಿಕೊಂಡಿರುತ್ತಾರೆ ಅಂತ ಮೊದಲ ದಿನವೇ ಕಂಡಿತು.

ರೂಮಿನ ವಿಷಯ ಜಗಳವೇ ಆಯಿತು. ತಗಡಿನ ಮೇಲೆ ಮಲೆನಾಡಿನ ಮಳೆ ಹೊಡೆದರೆ ಮೂರನೇ ಸಾಲಿಗೆ ಯಾರ ಮಾತೂ ಹೋಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸದ್ದು ನಿಲ್ಲುವುದು ಅಪರೂಪ. ಕಾಂಕ್ರೀಟ್ ಮಾಡಿನ ರೂಮುಗಳು ಎರಡೇ, ಲೈಬ್ರರಿ ಮತ್ತು ಕಂಪ್ಯೂಟರ್ ಲ್ಯಾಬ್. ನಾಲ್ಕನೇ ಕ್ಲಾಸನ್ನು ಲ್ಯಾಬಿಗೆ ಹಾಕಿ, ಲ್ಯಾಬನ್ನು ತಗಡಿನ ರೂಮಿಗೆ ಹಾಕೋಣ ಅಂದೆ. ಹೊಸ ಪೋಷಕರು ಬಂದಾಗ ಮೊದಲು ತೋರಿಸುವ ರೂಮು ಅದೇ. ಕಮಿಟಿಯವರು ಒಂದು ಮಗುವಿಗೋಸ್ಕರ ಅದನ್ನು ಬದಲಿಸಬೇಕಾ ಅಂದರು. ನಾನು ವಾದ ಮಾಡಲಿಲ್ಲ. ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ ಕಮಿಟಿಯ ಇಬ್ಬರನ್ನು ನಾಲ್ಕನೇ ಕ್ಲಾಸಿನಲ್ಲಿ ಬೋರ್ಡಿನಿಂದ ದೂರದ ಬೆಂಚಿನಲ್ಲಿ ಕೂರಿಸಿ, ಕೈಗೆ ಪೇಪರ್ ಕೊಟ್ಟು ಉಕ್ತಲೇಖನ ಕೊಟ್ಟೆ. ಹತ್ತು ಪದದಲ್ಲಿ ಒಬ್ಬರಿಗೆ ಆರು ಸರಿ ಬಂತು, ಇನ್ನೊಬ್ಬರಿಗೆ ಐದು. ಮುಂದಿನ ಸೋಮವಾರ ರೂಮು ಬದಲಾಯಿತು.

ಕಿವಿ ಸರಿಯಾದ ಮೇಲೆ

ಇಲ್ಲಿ ನನಗೆ ಇನ್ನೊಂದು ತಪ್ಪು ತಿಳಿವಳಿಕೆ ಇತ್ತು. ಕಿವಿ ತೆರೆದರೆ ಓದು ತಾನೇ ಬರುತ್ತದೆ ಅಂದುಕೊಂಡಿದ್ದೆ. ಡಿಸೆಂಬರಿನ ತಪಾಸಣೆಯಲ್ಲಿ ಬಲಗಿವಿ 20ಕ್ಕೆ ಬಂದಿತ್ತು, ಎಡಗಿವಿ 25. ಆಪರೇಷನ್ ಬೇಡ, ಮಾರ್ಚಿನಲ್ಲಿ ನೋಡೋಣ ಅಂದರು. ಆದರೆ ಒತ್ತಕ್ಷರ ಇನ್ನೂ ಬಿಡುತ್ತಿದ್ದಳು. ಯೋಚಿಸಿದರೆ ಸರಿಯೇ. ಎರಡು, ಮೂರನೇ ಕ್ಲಾಸಿನಲ್ಲಿ ಒತ್ತಕ್ಷರ ಗಟ್ಟಿಯಾಗುವ ಹೊತ್ತು ಅವಳಿಗೆ ಪೂರ್ತಿ ಸಿಕ್ಕಿರಲೇ ಇಲ್ಲ. ಕೇಳದೇ ಹೋದದ್ದನ್ನು ಈಗ ಕಲಿಯಬೇಕು.

ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ವ್ಯಾನ್ ಬಂದ ಮೇಲೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ಸಿಕ್ಕಿತು. ಅಭ್ಯಾಸ ಪುಸ್ತಕ ಮುಟ್ಟಲಿಲ್ಲ. ಅದು ಅಡಿಕೆ ಕೊಯ್ಲಿನ ಕಾಲ. ಮನೆಯಲ್ಲಿ ಏನೇನು ನಡೀತಿದೆ ಹೇಳು ಅಂದೆ. ಮೊದಲ ಸಲ ಅವಳು ನಿಲ್ಲಿಸದೆ ಮಾತಾಡಿದ್ದು ಅವತ್ತು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು, ತಟ್ಟಿಯ ಮೇಲೆ ಹರವುವುದು, ಅಡಿಕೆ ಬೇಯಿಸುವ ಚೊಗರು ಕಾಯಿಸುವುದು, ಬೆಟ್ಟೆ, ರಾಶಿ ಅಂತ ಅಡಿಕೆಯ ಬಗೆ ಬೇರೆ ಬೇರೆ ಮಾಡುವುದು, ಕೊಟ್ಟಿಗೆ, ಬಚ್ಚಲು, ಅಟ್ಟ, ಕಟ್ಟಿಗೆ. ನೋಡಿದರೆ ಅವಳ ಮನೆ ತುಂಬ ಒತ್ತಕ್ಷರವೇ. ಅದೂ ಅದೇ ಅಕ್ಷರಕ್ಕೆ ಅದೇ ಒತ್ತು, ಕಲಿಯಲು ಸುಲಭವಾದದ್ದು. ಅವಳ ಕೈಯಲ್ಲೇ ಒಂದು ಪುಸ್ತಕ ಮಾಡಿಸಿದೆ. ಒಂದೊಂದು ಪುಟದಲ್ಲಿ ಒಂದು ಚಿತ್ರ, ಕೆಳಗೆ ಹೆಸರು. ಅಂಗೈ ಮುಂದೆ ಹಿಡಿದು "ಬೆಟ್ಟೆ" ಅನ್ನು, "ಬೆಟೆ" ಅನ್ನು, ಉಸಿರು ಎಲ್ಲಿ ತಡೆಯುತ್ತೆ ನೋಡು ಅಂತ ಹೇಳಿಕೊಟ್ಟೆ. ತಡೆದಲ್ಲಿ ಒತ್ತು. "ಮೆಟ್ಟುಗತ್ತಿ" ಬರೆಯುವಾಗ ಟ್ಟು ಆದ ಮೇಲೆ ಪೆನ್ಸಿಲ್ ಎತ್ತಿ, ಬಾಯಲ್ಲೇ ಮೆಲ್ಲಗೆ ಹೇಳಿಕೊಂಡು, ಅಂಗೈ ನೋಡಿಕೊಂಡು, ತ್ತಿ ಬರೆದಳು. ಎರಡು ಒತ್ತೂ ಸರಿ. ಆಮೇಲೆ ರಾತ್ರಿ, ಪುಸ್ತಕ, ಅಗ್ನಿ ಅಂತ ಬೇರೆ ಬೇರೆ ಒತ್ತಿಗೆ ಹೋದೆವು. ಮಹಾಪ್ರಾಣಕ್ಕೂ ಅಂಗೈಯೇ. ಬ ಅಂದರೆ ಗಾಳಿ ಕಡಿಮೆ, ಭ ಅಂದರೆ ಜಾಸ್ತಿ.

ಫೆಬ್ರವರಿಯಲ್ಲಿ ಉಕ್ತಲೇಖನದಲ್ಲಿ 20ಕ್ಕೆ 17 ಬಂತು. ಎಲ್ಲರೂ ಖುಷಿಪಟ್ಟರು. ನಾನು ಪಡಲಿಲ್ಲ. ಹಿಂದಿನ ಫೆಬ್ರವರಿಯಲ್ಲೂ 15 ಇತ್ತಲ್ಲ. ಒಣಗಾಲದ ಅಂಕ ನೋಡಿ ನಾವು ಮೂರು ವರ್ಷ ಮೋಸ ಹೋಗಿದ್ದೇವೆ. ಜುಲೈಗೆ ಜುಲೈಯನ್ನೇ ಹೋಲಿಸಬೇಕು. ಐದನೇ ಕ್ಲಾಸಿನ ಟೀಚರಿಗೆ ಕೊಡುವ ಹಾಳೆಯಲ್ಲಿ ನಾನು ಮೊದಲ ಸಾಲಿನಲ್ಲೇ ಅದನ್ನು ಬರೆದೆ. ಐದನೇ ಕ್ಲಾಸು ಕೂಡ ಮಳೆಗಾಲದಲ್ಲಿ ಸದ್ದಿಲ್ಲದ ರೂಮಿಗೆ ಬರುವ ಹಾಗೆ ವೇಳಾಪಟ್ಟಿಯಲ್ಲಿ ಲೈಬ್ರರಿಯನ್ನು ಸೇರಿಸಿದೆ.

ಮುಂದಿನ ಜುಲೈ ಬಂತು. ಶೀತವೂ ಬಂತು, ಕಿವಿಯೂ ಕಟ್ಟಿತು. ಈ ಸಲ ಬೆಳಿಗ್ಗೆ ಏಳು ಗಂಟೆಗೆ ಅಮ್ಮನೇ ಫೋನ್ ಮಾಡಿದರು. "ಮೇಡಂ, ನಿನ್ನೆಯಿಂದ ಕಿವಿ ಕಟ್ಟಿದೆ ಅಂತಿದಾಳೆ. ಸ್ಪ್ರೇ ಶುರು ಮಾಡಿದೀವಿ. ಕ್ಲಾಸಲ್ಲಿ ಸ್ವಲ್ಪ ನೋಡ್ಕೊಳ್ಳಿ." ಆ ವಾರದ ಉಕ್ತಲೇಖನದಲ್ಲಿ 20ಕ್ಕೆ 13. ಹಿಂದಿನ ಜುಲೈನಲ್ಲಿ 6 ಇತ್ತು. ನನಗೆ ಅದಕ್ಕಿಂತ ಮುಖ್ಯವಾದದ್ದು ಟೀಚರ್ ಹೇಳಿದ ಇನ್ನೊಂದು ಸುದ್ದಿ. ಐದನೇ ವಾಕ್ಯದ ಹೊತ್ತಿಗೆ ಪುಟ್ಟಿ ಕೈ ಎತ್ತಿ, "ಮಿಸ್, ಇನ್ನೊಂದ್ಸಲ ಹೇಳಿ, ಕೇಳ್ಲಿಲ್ಲ" ಅಂದಳಂತೆ. ಯಾರೂ ನಗಲಿಲ್ಲ. ಹಿಂದಿನಿಂದ ಇನ್ನಿಬ್ಬರು "ನಮಗೂ ಕೇಳ್ಲಿಲ್ಲ" ಅಂದರಂತೆ.

ಇಂಗ್ಲಿಷ್ ಇನ್ನೂ ಹಿಂದೆಯೇ ಇದೆ. ಸ್ಪೆಲ್ಲಿಂಗ್ ಕಷ್ಟ. ಕಿವಿಯ ಜೊತೆಗೆ ಕಲಿಕಾ ನ್ಯೂನತೆಯೂ ಸ್ವಲ್ಪ ಇದೆಯೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ. ಮಳೆಗಾಲ ಮುಗಿದು, ಎರಡೂ ಕಿವಿ ಸರಿ ಇದೆ ಅಂತ ಆದ ಮೇಲೆ, ಜನವರಿಯಲ್ಲಿ ಸರಿಯಾದ ಕಡೆ ಪರೀಕ್ಷೆ ಮಾಡಿಸೋಣ ಅಂತ ಮನೆಯವರೂ ನಾವೂ ಒಟ್ಟಿಗೆ ನಿಶ್ಚಯ ಮಾಡಿದ್ದೇವೆ. ಫೈಲಿನಲ್ಲಿ ನಾನು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇದೆ.

ಈಗ ಪ್ರತಿ ವರ್ಷ ಜೂನ್ ಮೊದಲ ವಾರ ಎಲ್ಲ ಮಕ್ಕಳಿಗೂ ಲೈಬ್ರರಿಯಲ್ಲಿ ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹತ್ತು ಪದ ಹೇಳುತ್ತೇವೆ. ಮಗುವಿಗೆ ಮೂರು ನಿಮಿಷ ಸಾಕು. ಆಗಸ್ಟಿನಲ್ಲಿ ಇನ್ನೊಮ್ಮೆ. ಇದು ಡಾಕ್ಟರ ಪರೀಕ್ಷೆ ಅಲ್ಲ, ಡಾಕ್ಟರ ಹತ್ತಿರ ಯಾರನ್ನು ಕಳಿಸಬೇಕು ಅಂತ ತಿಳಿಯಲು ಮಾತ್ರ. ಈ ವರ್ಷದ ಜೂನ್ ಮೀಟಿಂಗಿಗೆ ಆಯಾಗಳನ್ನೂ ಮೂವರು ವ್ಯಾನ್ ಡ್ರೈವರುಗಳನ್ನೂ ಕರೆದು ಕೂರಿಸಿಕೊಂಡೆವು. ಯಾವ ಮಗುವಿನ ಬಗ್ಗೆ ಏನಾದರೂ ಅನಿಸಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಡ್ರೈವರ್, ಕುರ್ಚಿಯ ಅಂಚಿನಲ್ಲಿ ಕೂತವರು, ಒಂದನೇ ಕ್ಲಾಸಿನ ಒಬ್ಬ ಹುಡುಗನ ಹೆಸರು ಹೇಳಿದರು. "ಅವನು ಸಂಜೆ ಯಾವ ವ್ಯಾನ್ ಅಂತ ಹತ್ರ ಬಂದು ನೋಡಿ ಹತ್ತುತ್ತಾನೆ ಮೇಡಂ. ದೂರದಿಂದ ಗೊತ್ತಾಗಲ್ಲ ಅವನಿಗೆ."

ನಾನು ಬರೆದುಕೊಂಡೆ.